ಹಿಡಿ, ಬಿಡಿ, ಬಿಗಿ: ಬಂಡೆ ಹತ್ತುವವರ ಹಗ್ಗಕ್ಕೆ ಕನ್ನಡದ ಮಾತು ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಬಂಡೆ ಹತ್ತುವಾಗ ಕೂಗಿ ಹೇಳಬೇಕಾದ ಎರಡು ಮಾತುಗಳಿಗೆ (ಹಗ್ಗ ಬಿಗಿ ಮಾಡಿ, ಹಗ್ಗ ಸಡಿಲಿಸಿ), ಮತ್ತು 'ಬಿಲೇ' ಎನ್ನುವ, ಅಂದರೆ ಹತ್ತುವವರ ಹಗ್ಗ ನೋಡಿಕೊಳ್ಳುವ ಒಂದು ಕೆಲಸಕ್ಕೆ ಕನ್ನಡ ಹುಡುಕುತ್ತಿದ್ದೇನೆ. ಸಂದರ್ಭ ಬಿಟ್ಟು ಪದ ಕೇಳಿದರೆ ಉತ್ತರವೂ ಸಂದರ್ಭ ಬಿಟ್ಟೇ ಬರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಮೊದಲ ಹಂತದ ತರಬೇತಿ ಮುಗಿಸಿದೆ. 1965ರಲ್ಲಿ ಶುರುವಾದ ಸಂಸ್ಥೆ ಅದು. ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಕಲಿತದ್ದೂ ಅಲ್ಲೇ. 28 ದಿನಗಳ ಕೋರ್ಸು. ಮೊದಲು ಊರಿಗೆ ಹತ್ತಿರದ ತೇಖ್ಲಾದ ಬಂಡೆಗಳ ಮೇಲೆ ಕೈಕಾಲು ಪಳಗಿಸುತ್ತಾರೆ. ಆಮೇಲೆ ಬೆನ್ನಿಗೆ ಹೊರೆ ಹೇರಿಕೊಂಡು ಭುಕ್ಕಿ ಹಳ್ಳಿಯಿಂದ ತೇಲ್, ಗುಜ್ಜರ್ ಹಟ್ ದಾಟಿ ಡೋಕ್ರಿಯಾನಿ ಬಾಮಕ್ ಹತ್ತಿರದ ಬಿಡಾರಕ್ಕೆ ನಡಿಗೆ. 'ಬಾಮಕ್' ಎಂದರೆ ಗಢವಾಲಿಯಲ್ಲಿ ಹಿಮನದಿ. ಪಕ್ಕದ ಕುಮಾವೂಂನಲ್ಲಿ ಅದನ್ನೇ 'ಗಲ್' ಅನ್ನುತ್ತಾರೆ. ಅಲ್ಲಿ ಪಾಠವೆಲ್ಲ ಹಿಂದಿಯಲ್ಲಿ, ಸಲಕರಣೆಗಳ ಹೆಸರು ಇಂಗ್ಲಿಷು, ಫ್ರೆಂಚು, ಜರ್ಮನ್‌ಗಳಲ್ಲಿ. ನಾನೂ ಹಾಗೇ ಕಲಿತೆ, ತೊಂದರೆಯಾಗಲಿಲ್ಲ.

ತೊಂದರೆ ಎದುರಾದದ್ದು ಕನ್ನಡದಲ್ಲಿ ಕಲಿಸಲು ಹೊರಟಾಗ. ಈಗ ಭಾನುವಾರಗಳಲ್ಲಿ ನಾವು ನಾಲ್ಕು ಜನ ಗೆಳೆಯರು ಸೇರಿ ರಾಮನಗರದ ಬಂಡೆಗಳಲ್ಲಿ ಸುತ್ತಲ ಹಳ್ಳಿಗಳ ಹೈಸ್ಕೂಲು ಮಕ್ಕಳಿಗೆ ಹಗ್ಗದ ಪಾಠ ಹೇಳುತ್ತೇವೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಹನ್ನೆರಡು ಮೀಟರ್ ಎತ್ತರದಲ್ಲಿದ್ದ. ಹಗ್ಗ ಮೇಲಿನ ಕೊಂಡಿಯಲ್ಲಿ ಹಾದು ಕೆಳಗೆ ನನ್ನ ಕೈಗೆ ಬಂದಿತ್ತು. ಜೋರು ಗಾಳಿ. ಕಾಲು ನಡುಗತೊಡಗಿದ್ದರಿಂದ ಅವನು "ಹಿಡೀ ಅಕ್ಕಾ" ಎಂದು ಕೂಗಿದ. ನನಗೆ ಕೇಳಿಸಿದ್ದು "ಬಿಡೀ ಅಕ್ಕಾ". ಹಗ್ಗ ಬಿಗಿಯಾಗಿ ಅವನನ್ನು ಎಳೆಯುತ್ತಿದೆಯೇನೋ ಎಂದುಕೊಂಡು ಒಂದು ಮಾರು ಸಡಿಲ ಕೊಟ್ಟೆ. ಅದೇ ಹೊತ್ತಿಗೆ ಅವನ ಕಾಲು ಜಾರಿತು. ಹಗ್ಗ ಹಿಡಿಯುವಷ್ಟರಲ್ಲಿ ಎರಡು ಮೀಟರ್ ಕೆಳಗೆ ಬಂದಿದ್ದ. ಮೊಣಕಾಲು ತರಚಿತು, ಅಷ್ಟಕ್ಕೇ ಮುಗಿಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಿಡಿ, ಬಿಡಿ. ನಮ್ಮ ಭಾಷೆಯಲ್ಲಿ ಇಷ್ಟು ಸಹಜವಾದ ಜೋಡಿ ಇನ್ನೊಂದಿಲ್ಲ. ಹಿಡಿದದ್ದು ಬಿಡದವರು ಅನ್ನುತ್ತೇವೆ, ಹಿಡಿತ ಬಿಡಿತ ಗೊತ್ತಿರಬೇಕು ಅನ್ನುತ್ತೇವೆ. ಹಗ್ಗದ ವಿಷಯ ಬಂದಾಗ ಮಕ್ಕಳ ಬಾಯಿಗೆ ತಾನಾಗಿ ಬರುವುದೂ ಅದೇ. ಅದರ ಅಪಾಯವೂ ಅಲ್ಲೇ ಇದೆ. ಎರಡರಲ್ಲೂ ಸ್ವರಗಳು ಒಂದೇ, ಉದ್ದ ಒಂದೇ, ಕೊನೆಯ ಅಕ್ಷರ ಒಂದೇ. ಬೇರೆಯಾಗಿರುವುದು ಮೊದಲ ವ್ಯಂಜನ ಮಾತ್ರ. ಗಾಳಿಯಲ್ಲಿ, ದೂರದಲ್ಲಿ ಮೊದಲು ಕಳೆದುಹೋಗುವುದು ವ್ಯಂಜನ, ಉಳಿದು ಬರುವುದು ಸ್ವರ. ಅದರಲ್ಲೂ 'ಹ'ಕಾರ ನಮ್ಮ ಕಡೆಯ ಮಾತಿನಲ್ಲಿ ನೆಲದ ಮೇಲೆ ನಿಂತಾಗಲೇ ಅರ್ಧ ಮಾಯವಾಗಿರುತ್ತದೆ. ಹೀಗಿರುವಾಗ ತದ್ವಿರುದ್ಧ ಅರ್ಥದ ಈ ಎರಡು ಮಾತುಗಳ ಮೇಲೆ ಒಂದು ಜೀವವನ್ನು ನೇತುಹಾಕುವುದು ಸರಿಯಲ್ಲ.

ಬೇರೆಯವರು ಏನು ಮಾಡಿದ್ದಾರೆ ನೋಡಿ. ಇಂಗ್ಲಿಷಿನಲ್ಲಿ ಸಡಿಲಕ್ಕೆ 'ಸ್ಲ್ಯಾಕ್', ಬಿಗಿಗೆ 'ಟೇಕ್'. ಫ್ರೆಂಚರು ಬಿಗಿ ಬೇಕಾದರೆ 'ಸೆಕ್' ಎಂದು ಕೂಗುತ್ತಾರೆ, ಅಂದರೆ 'ಒಣಗಿದ್ದು'. ಸಡಿಲಕ್ಕೆ 'ದ್ಯು ಮೂ', ಅಂದರೆ 'ಮೆತ್ತಗಿನದು ಕೊಡು'. ಜರ್ಮನರಿಗೆ ಬಿಗಿಗೆ 'ತ್ಸೂ', ಸಡಿಲಕ್ಕೆ ಬರಿಯ 'ಜೈಲ್', ಎಂದರೆ ಹಗ್ಗ. ಎಲ್ಲವೂ ಗಿಡ್ಡ ಮಾತುಗಳು, ಮತ್ತು ಪ್ರತಿ ಜೋಡಿಯಲ್ಲೂ ಸ್ವರ ಬೇರೆ. ಅರ್ಥ ಪೂರ್ತಿ ಹೊಂದುತ್ತದೆಯೇ ಎಂದು ಅವರು ತಲೆ ಕೆಡಿಸಿಕೊಂಡಂತಿಲ್ಲ. ಕಿವಿಗೆ ಬೇರೆಯಾಗಿ ಬಿದ್ದರೆ ಆಯಿತು.

ಹಾಗಾಗಿ ನನ್ನ ಮೊದಲ ಸಲಹೆ: ಎಳೆದುಕೊಳ್ಳಿ ಎನ್ನಲು 'ಬಿಗಿ', ಸಡಿಲ ಕೊಡಿ ಎನ್ನಲು 'ಸಡ್ಲಾ'. ಮೊದಲನೆಯದು ಇ-ಇ, ಎರಡೂ ಗಿಡ್ಡ. ಎರಡನೆಯದು ಅ-ಆ, ಕೊನೆಯದನ್ನು ಎಷ್ಟು ಬೇಕಾದರೂ ಎಳೆಯಬಹುದು. 'ಸಡಿಲು' ಎಂದು ಬರೆಯುವ ರೂಪ ಬೇಡ, ಅದರ ನಡುವೆ 'ಇ' ಬಂದು ಮತ್ತೆ ಗೊಂದಲ. 'ಬಿಡು', 'ಬಿಡಿ' ಎಂಬ ಮಾತನ್ನು ಬಂಡೆಯ ಬುಡದಲ್ಲಿ ಯಾವ ಅರ್ಥಕ್ಕೂ ಬಳಸಬಾರದು ಎಂದು ಮಕ್ಕಳಿಗೆ ಈಗಾಗಲೇ ಕಟ್ಟಪ್ಪಣೆ ಮಾಡಿದ್ದೇನೆ. ಕಲ್ಲು ಉರುಳಿದರೆ ಎಚ್ಚರಿಸಲು 'ರಾಕ್' ಎಂದು ಕೂಗುವ ಬದಲು 'ಕಲ್ಲೂ!' ಸಾಕು, ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಈಗ 'ಬಿಲೇ'. ಹತ್ತುವವರು ಜಾರಿದರೆ ತಡೆಯಲು ಇನ್ನೊಬ್ಬರು ಹಗ್ಗ ನೋಡಿಕೊಳ್ಳುವ ಕೆಲಸ. ಇಂಗ್ಲಿಷಿನಲ್ಲಿ ಬಂಡೆ ಹತ್ತುವವರಿಗೆ ಈ ಮಾತು ಬಂದದ್ದು ಹಡಗಿನಿಂದ. ಹಾಯಿಯ ಹಗ್ಗವನ್ನು ಗೂಟಕ್ಕೆ ಸುತ್ತಿ ನಿಲ್ಲಿಸುವುದು ಅಲ್ಲಿನ ಅರ್ಥ. ನನ್ನ ಟಿಪ್ಪಣಿಯಲ್ಲಿ ಮೊದಲು 'ಹಗ್ಗ ಹಿಡಿಯುವುದು' ಎಂದೇ ಬರೆದಿದ್ದೆ. ಮಲೆನಾಡಿನಲ್ಲಿ ಅಡಿಕೆ ಕೊನೆ ಇಳಿಸುವಾಗ ಕೆಳಗೊಬ್ಬರು ಹಗ್ಗ ಹಿಡಿದಿರುತ್ತಾರಲ್ಲ, ಅದು ಮನಸ್ಸಿನಲ್ಲಿತ್ತು. ಆದರೆ ಯೋಚಿಸಿದರೆ ಆ ಹಗ್ಗ ಇರುವುದು ಕೊನೆಗಾಗಿ, ಮರದ ಮೇಲಿರುವ ಮನುಷ್ಯನಿಗಾಗಿ ಅಲ್ಲ. ಅವನಿಗೆ ಕಾಲಿನ ತಳೆಯೊಂದೇ ಆಸರೆ.

ಆಗ ನೆನಪಾದವರು ಮಾಗಡಿ ಕಡೆಯ ನಮ್ಮೂರಿನ ಒಬ್ಬ ತಾತ. ಪ್ರಾಯದಲ್ಲಿ ಬಾವಿಗಳ ಹೂಳು ತೆಗೆಯುತ್ತಿದ್ದವರು. ಬಾವಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಮರಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಒಬ್ಬರು ನೋಡಿಕೊಳ್ಳುತ್ತಿದ್ದರಂತೆ. ಇದು ತರಬೇತಿಯಲ್ಲಿ ನಾವು ಕಲಿತ ಕೆಲಸವೇ, ಏನೂ ವ್ಯತ್ಯಾಸವಿಲ್ಲ. "ತಾತ, ಮೇಲಿದ್ದೋರು ಹಗ್ಗ ಹಿಡ್ಕೊಂಡಿರ್ತಿದ್ರಾ?" ಎಂದೆ. ಅವರು ತಲೆಯಾಡಿಸಿ, "ಹಿಡ್ಕೊಂಡುಬಿಟ್ರೆ ಕೆಳಗಿರೋನು ಹೆಂಗವ್ವಾ ಕೆಲ್ಸ ಮಾಡ್ತಾನೆ? ಹಗ್ಗ ಕಾಯ್ಬೇಕು" ಅಂದರು.

ನನಗೆ ಬೇಕಾಗಿದ್ದ ಪದ ಇದೇ ಎಂದು ಆ ಕ್ಷಣಕ್ಕೇ ಅನ್ನಿಸಿತು. ಬಿಲೇ ಮಾಡುವವರು ಬಹುಪಾಲು ಹೊತ್ತು ಹಗ್ಗವನ್ನು ಬಿಗಿಹಿಡಿದಿರುವುದಿಲ್ಲ. ಮೇಲಿನವರು ಒಂದು ಹೆಜ್ಜೆ ಹತ್ತಿದರೆ ಅಷ್ಟೇ ಹಗ್ಗ ಎಳೆದುಕೊಳ್ಳುವುದು, ಇಳಿದರೆ ಅಷ್ಟೇ ಕೊಡುವುದು, ಕಣ್ಣು ಮೇಲಿಟ್ಟು ಉಸಿರಿನ ಏರಿಳಿತವನ್ನೂ ಗಮನಿಸುವುದು. ತಡೆಯುವ ಕೈ ಮಾತ್ರ ಒಂದು ಗಳಿಗೆಯೂ ಹಗ್ಗದಿಂದ ಆಚೆ ಹೋಗಬಾರದು. ಉತ್ತರಕಾಶಿಯಲ್ಲಿ ಗುರುಗಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಪಾಠ ಅದು. ಆ ಕೈಗೆ ನಾನು 'ತಡೆಗೈ' ಎಂದು ಹೆಸರಿಟ್ಟುಕೊಂಡಿದ್ದೇನೆ. ಬೀಳುವುದು ನೂರರಲ್ಲಿ ಒಂದು ಸಲ, ಉಳಿದದ್ದೆಲ್ಲ ಎಚ್ಚರದಿಂದ ಕೂತಿರುವುದೇ. 'ಕಾಯು' ಎಂಬುದರಲ್ಲಿ ಕಾಪಾಡುವುದೂ ಇದೆ, ಎದುರುನೋಡುವುದೂ ಇದೆ. ಕೆಲಸ ನಿಜವಾಗಿ ಈ ಎರಡೂ ಸೇರಿದ್ದು.

ವ್ಯಾಕರಣ ಬಲ್ಲವರು ಒಂದು ಆಕ್ಷೇಪ ಎತ್ತಬಹುದು. ದನ ಕಾಯು, ಹೊಲ ಕಾಯು ಎಂದಾಗ ಕಾಯಲ್ಪಡುವುದು ದನ, ಹೊಲ. 'ಹಗ್ಗ ಕಾಯು' ಎಂದರೆ ಹಗ್ಗವನ್ನು ಕಳ್ಳರಿಂದ ಕಾಯುವಂತೆ ಆಗುವುದಿಲ್ಲವೇ? ನನ್ನ ಸಮಾಧಾನ ಇಷ್ಟು: 'ಬಾಗಿಲು ಕಾಯು' ಎನ್ನುವಾಗಲೂ ನಾವು ಕಾಯುವುದು ಬಾಗಿಲ ಒಳಗಿರುವವರನ್ನು. ಇನ್ನೊಂದು ತೊಡಕೂ ಇದೆ. ಹಗ್ಗದಲ್ಲಿ ಬೇಗ ಇಳಿದರೆ ಹಗ್ಗ ಹಾಯುವ ಲೋಹದ ಬಳೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಆಗ "ಕಾದಿದೆ ನೋಡು" ಎನ್ನಬೇಕಾಗುತ್ತದೆ. ಅದು ಸಂದರ್ಭದಲ್ಲಿ ಬಿಡಿಸಿಕೊಳ್ಳುತ್ತದೆ ಎಂದುಕೊಂಡಿದ್ದೇನೆ. ಆದರೆ ನಾಮಪದ ಹೊಳೆಯುತ್ತಿಲ್ಲ. 'ಹಗ್ಗಗಾವಲು' ಬರೆಯಲು ಚೆನ್ನಾಗಿದೆ, ನಾಲಿಗೆಗೆ ಭಾರ. ಆ ಕೆಲಸ ಮಾಡುವವರನ್ನು 'ಕಾಪು' ಎನ್ನಬಹುದೇ?

ಮಿಕ್ಕ ಪದಗಳ ಬಗ್ಗೆ ಚುಟುಕಾಗಿ. ಪತ್ರಿಕೆಗಳಲ್ಲಿ ಕಾಣುವ 'ಶಿಲಾರೋಹಣ' ನನಗೆ ಬೇಡ. 'ಬಂಡೆ ಹತ್ತುವುದು' ಇದ್ದೇ ಇದೆ. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಪಾಠ ತಲೆಗೆ ಹತ್ತುತ್ತದೆ: ತಗುಲಿಕೊಳ್ಳುವುದು ಈ ಮಾತಿನಲ್ಲೇ ಇದೆ. 'ಐಸ್ ಆಕ್ಸ್' ಅನ್ನು 'ಹಿಮಗೊಡಲಿ' ಎಂದು ಬರೆದದ್ದು ನೋಡಿದ್ದೇನೆ, ಅದು ಇಂಗ್ಲಿಷಿನ ತಪ್ಪನ್ನೇ ಹೊತ್ತು ತಂದಂತೆ. ಅದಕ್ಕೆ ಕೊಡಲಿಯ ಬಾಯಿ ಇಲ್ಲ. ಒಂದು ಕಡೆ ಚೂಪು ಮೊನೆ, ಇನ್ನೊಂದು ಕಡೆ ಬಡಗಿಯ ಬಾಚಿಯಂಥ ಅಗಲ ಬಾಯಿ. ನಮ್ಮ ಯಾವ ಕೂಲಿಯವರಿಗೆ ತೋರಿಸಿದರೂ 'ಪಿಕಾಸಿ' ಎನ್ನುತ್ತಾರೆ. 'ಹಿಮಪಿಕಾಸಿ' ಎಂದರೆ ಆಯಿತು. ಬೂಟಿನ ಅಡಿಗೆ ಕಟ್ಟುವ ಹತ್ತು ಹನ್ನೆರಡು ಮೊನೆಗಳ 'ಕ್ರ್ಯಾಂಪಾನ್'ಗೆ 'ಮುಳ್ಳಾವುಗೆ' ಹೊಳೆಯಿತು, ಆದರೆ ಹರಕೆಯವರು ಮೆಟ್ಟುವ ಮುಳ್ಳಾವುಗೆಯ ಮೊಳೆಗಳು ಅಂಗಾಲಿನ ಕಡೆಗೆ ಚುಚ್ಚುತ್ತವೆ, ಇದರದು ನೆಲದ ಕಡೆಗೆ. ಎತ್ತಿಗೆ ಲಾಳ ಕಟ್ಟುತ್ತೇವಲ್ಲ, ಹಾಗೆ 'ಮುಳ್ಳುಲಾಳ' ಹೆಚ್ಚು ಸರಿ. ಎರಡಕ್ಕೂ ಕ್ರಿಯಾಪದ 'ಕಟ್ಟು' ಎಂಬುದು ನನಗೆ ಇನ್ನಷ್ಟು ಇಷ್ಟವಾಯಿತು. ಹಗ್ಗ ಸಿಕ್ಕಿಸುವ ಲೋಹದ 'ಕ್ಯಾರಾಬಿನರ್'ಗೆ ಕೊಂಡಿ, ತಿರುಪು ಇದ್ದರೆ ತಿರುಪುಗೊಂಡಿ.

'ಫಿಗರ್ ಆಫ್ ಏಟ್' ಗಂಟು ಮಾತ್ರ ಕಾಡುತ್ತಿದೆ. 'ಎಂಟರ ಗಂಟು' ಎಂದು ಕಲಿಸಿದಾಗ ಒಬ್ಬಳು ಹುಡುಗಿ ನೆಲದ ಮೇಲೆ ಕಡ್ಡಿಯಿಂದ ೮ ಬರೆದು, ಈ ಗಂಟಿನಲ್ಲಿ ಅದೆಲ್ಲಿದೆ ಎಂದು ಕೇಳಿದಳು. ಕೇಳಿದ್ದು ಸರಿಯೇ. ಗಂಟಿನಲ್ಲಿರುವ ಎರಡು ಮುಚ್ಚಿದ ಸುತ್ತುಗಳು 8ರಲ್ಲಿ ಇವೆ, ೮ರಲ್ಲಿ ಇಲ್ಲ. ಜಾನುವಾರು ಕಟ್ಟುವವರಲ್ಲಿ, ಗಾಡಿಗೆ ಹೇರು ಬಿಗಿಯುವವರಲ್ಲಿ ಈ ಗಂಟಿಗೆ ಹೆಸರಿದೆಯೇ? ಹಾಗೆಯೇ ಪ್ರೂಸಿಕ್ ಗಂಟು. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ಹೆಸರಿನದು, 1931ರ ಸುಮಾರಿನದು. ಸಣ್ಣ ಹುರಿಯನ್ನು ದಪ್ಪ ಹಗ್ಗಕ್ಕೆ ಸುತ್ತಿರುತ್ತಾರೆ. ಭಾರ ಬಿದ್ದರೆ ಕಚ್ಚುತ್ತದೆ, ಭಾರ ತೆಗೆದರೆ ಜರುಗುತ್ತದೆ. ಜೀರುಗುಣಿಕೆ ಎನ್ನಲಾಗದು, ಅದು ಕುಣಿಕೆಯೇ ಕಿರಿದಾಗುವ ಬಗೆ. 'ಕಚ್ಚುಗಂಟು' ಎಂದು ಸದ್ಯಕ್ಕೆ ಬರೆದಿದ್ದೇನೆ.

ಹಿಮದ ಪದಗಳಲ್ಲಿ ನಾವು ಬಡವರು, ಅದು ಸಹಜ. ನಮ್ಮ 'ಮಂಜು' ಮಡಿಕೇರಿಯ ಮುಸುಕೂ ಹೌದು, ಬೆಳಗಿನ ಹನಿಯೂ ಹೌದು. ಡೋಕ್ರಿಯಾನಿಯಲ್ಲಾದರೋ ಉದುರು ಹಿಮದ ಮೇಲೆ ನಡೆಯುವ ಪಾಠ ಬೇರೆ, ಗಡ್ಡೆಗಟ್ಟಿದ ನೀಲಿ ಗೋಡೆಯ ಮೇಲೆ ಮುಳ್ಳುಲಾಳದ ಮುಂದಿನ ಎರಡು ಮೊನೆ ಊರಿ ನಿಲ್ಲುವ ಪಾಠ ಬೇರೆ. ಮೊದಲನೆಯದಕ್ಕೆ 'ಹಿಮ', ಎರಡನೆಯದಕ್ಕೆ 'ನೀರ್ಗಲ್ಲು' ಎಂದು ಗೆರೆ ಎಳೆದಿದ್ದೇನೆ. ಹಿಮನದಿಯಲ್ಲಿ ಬೀಳುವ ಆಳವಾದ ಸೀಳು, ಅಂದರೆ 'ಕ್ರೆವಾಸ್'ಗೆ 'ಬಿರುಕು' ಸಾಲದು, ಬಿರುಕು ಗೋಡೆಯದು. ನೀರು ಬತ್ತಿದ ಕೆರೆಯಂಗಳ 'ಬಾಯಿ ಬಿಟ್ಟಿದೆ' ಎನ್ನುತ್ತೇವಲ್ಲ, ಅಲ್ಲಿಂದ 'ಹಿಮಬಾಯಿ' ಮಾಡಿದ್ದೇನೆ. ಮೇಲೆ ತೆಳು ಹಿಮ ಮುಚ್ಚಿ ಕಾಣದಂತಿದ್ದರೆ 'ಮುಚ್ಚಿದ ಬಾಯಿ'. ಇಲ್ಲೊಂದು ಎಚ್ಚರಿಕೆ: ಹಿಮದಲ್ಲಿ ಜಾರಿದಾಗ ಬೋರಲಾಗಿ ಪಿಕಾಸಿಯ ಮೊನೆ ಊರಿ ನಿಲ್ಲುವ ಕೌಶಲಕ್ಕೆ 'ಸೆಲ್ಫ್ ಅರೆಸ್ಟ್' ಎನ್ನುತ್ತಾರೆ. ಅನುವಾದದ ತಂತ್ರಾಂಶ ನನ್ನ ಗೆಳತಿಗೆ ಅದನ್ನು 'ಸ್ವಯಂ ಬಂಧನ' ಮಾಡಿ ಕೊಟ್ಟಿತ್ತು. ಮಕ್ಕಳ ಕೈಗೆ ಹೋಗುವ ಪುಸ್ತಕದಲ್ಲಿ ಇಂಥದು ಉಳಿದರೆ ಪಾಠವೇ ಕೆಟ್ಟಂತೆ.

ಇಷ್ಟೆಲ್ಲ ಹೊಸದಾಗಿ ಕಟ್ಟುವುದು ಯಾಕೆ, ಇಂಗ್ಲಿಷೇ ಇರಲಿ ಎನ್ನುವವರಿಗೆ ಒಂದು ಮಾತು. ಆಲ್ಪ್ಸ್‌ನ ಪದಗಳೂ ಊರವರ ಬಾಯಿಂದಲೇ ಬಂದವು. ಹಿಮನದಿ ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬ 'ಮೊರೇನ್' ಆದದ್ದು ಸವೋಯ್ ಸೀಮೆಯ ಹಳ್ಳಿಗರ ಮಾತಿನಿಂದ. ಒಡೆದು ನಿಂತ ನೀರ್ಗಲ್ಲಿನ ಗೋಪುರಕ್ಕೆ 'ಸೆರಾಕ್' ಎಂದು ಹೆಸರು ಬಂದದ್ದು ಅಲ್ಲಿನ ಒಂದು ಬಿಳಿ ಗಿಣ್ಣಿನಿಂದ. ಇಂಥ ಮಾತುಗಳನ್ನು ಹೊರಜಗತ್ತಿಗೆ ದಾಟಿಸಿದವರು ಜಿನೀವಾದ ವಿಜ್ಞಾನಿ ಒರಾಸ್ ಬೆನೆದಿಕ್ತ್ ದ ಸೊಸ್ಯೂರ್. ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೋಂ ಬ್ಲಾಂ ಹತ್ತುವ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದವರೂ ಅವರೇ. 1786ರಲ್ಲಿ ಪಕ್ಕಾರ್ ಮತ್ತು ಬಾಲ್ಮಾ ಹತ್ತಿದರು, ಮರುವರ್ಷ ಸೊಸ್ಯೂರ್ ತಾವೂ ಹತ್ತಿದರು. ಭಾಷಾವಿಜ್ಞಾನ ಓದಿದವರಿಗೆ ಈ ಮನೆತನದ ಹೆಸರು ಪರಿಚಿತ: ಫರ್ಡಿನಾಂಡ್ ದ ಸೊಸ್ಯೂರ್ ಇವರ ಮರಿಮೊಮ್ಮಗ.

ನನಗೆ ಬೇಕಾದ ಸಹಾಯ ಇದು. ಕರಾವಳಿಯವರೇ, ದೋಣಿಯ ಹಗ್ಗವನ್ನು ಗೂಟಕ್ಕೆ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ? ಸೋಲಿಗರು, ಜೇನುಕುರುಬರ ನಡುವೆ ಓಡಾಡಿದವರು ಇದ್ದರೆ, ಹೆಜ್ಜೇನಿಗಾಗಿ ಹಗ್ಗದಲ್ಲಿ ಇಳಿದವನನ್ನು ಮೇಲಿನಿಂದ ನೋಡಿಕೊಳ್ಳುವವನಿಗೆ ಅವರ ಮಾತಿನಲ್ಲಿ ಏನು ಹೆಸರು? ಉತ್ತರ ಕರ್ನಾಟಕದವರು 'ಸಡ್ಲಾ' ಒಪ್ಪುತ್ತೀರಾ, ಅಥವಾ ಬಾದಾಮಿಯ ಬಂಡೆಯ ಬುಡದಲ್ಲಿ ಹುಡುಗರು ಬೇರೇನಾದರೂ ಕೂಗುವುದನ್ನು ಕೇಳಿದ್ದೀರಾ? ಬಾವಿಯ ತಾತ ಸಡಿಲಕ್ಕೆ ಹೇಳಿದ ಮಾತು 'ಬರ್ಲಿ'. ಹಿಂದಕ್ಕೆ ಬರುವ ಬಸ್ಸಿಗೆ ಕಂಡಕ್ಟರು ಹೇಳುವುದೂ ಅದನ್ನೇ. ಕೇಳಲು ಹಿತವಾಗಿದೆ, ಆದರೆ 'ಬರ್ಲಿ', 'ಬಿಗಿ' ಎರಡೂ ಬಕಾರದವು, ಎರಡೂ 'ಇ'ಯಲ್ಲಿ ಮುಗಿಯುತ್ತವೆ ಎಂದು ಹಿಂಜರಿಯುತ್ತಿದ್ದೇನೆ.

ಉತ್ತರಿಸುವ ಮುನ್ನ ದಯವಿಟ್ಟು ಒಂದು ಕೆಲಸ ಮಾಡಿ. ಗಾಳಿ ಬೀಸುವ ಹೊತ್ತಿನಲ್ಲಿ ಮನೆಯ ಮಾಳಿಗೆಯ ಮೇಲೆ ಒಬ್ಬರನ್ನು ನಿಲ್ಲಿಸಿ, ನೀವು ಮೂವತ್ತು ಮೀಟರ್ ದೂರ ಹೋಗಿ ಅವರಿಗೆ ಬೆನ್ನು ಹಾಕಿ ನಿಲ್ಲಿ. ಅವರು ಮೂರು ಜೋಡಿಗಳನ್ನೂ ಅದಲು ಬದಲು ಮಾಡಿ ಕೂಗಲಿ: ಹಿಡಿ-ಬಿಡಿ, ಬಿಗಿ-ಸಡ್ಲಾ, ಬಿಗಿ-ಬರ್ಲಿ. ನಿಮಗೆ ಕೇಳಿಸಿದ್ದನ್ನು ಹಾಗೇ ಬರೆದು ಕಳಿಸಿ.