1992ರ ಲಿಥುವೇನಿಯಾ ಟೈ-ಡೈ ಶರ್ಟ್: ಹಸಿರು, ಕೆಂಪು ಕೂಡಿದಲ್ಲಿ ಕಂದು ಬಣ್ಣ ಯಾಕೆ?

ದಾರದುಂಡೆ:
ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಲಿಥುವೇನಿಯಾದ ಬ್ಯಾಸ್ಕೆಟ್‌ಬಾಲ್ ತಂಡ ಕಂಚು ಗೆದ್ದು ವೇದಿಕೆ ಹತ್ತಿದಾಗ ತೊಟ್ಟಿದ್ದ ಟೈ-ಡೈ (ಬಟ್ಟೆಯನ್ನು ಮಡಿಚಿ ಕಟ್ಟಿ ಬಣ್ಣ ಹಾಕಿದ) ಶರ್ಟಿನ ಮಾದರಿಯಲ್ಲಿ ಒಂದು ಮಾಡಬೇಕು. ಹಳದಿ, ಹಸಿರು, ಕೆಂಪು ಮೂರನ್ನೂ ಸುರುಳಿ ಮಡಿಕೆಯಲ್ಲಿ ಹಾಕಿದರೆ ಹಸಿರು-ಕೆಂಪು ಕೂಡುವ ಗೆರೆಯಲ್ಲಿ ಕೆಸರಿನಂಥ ಕಂದು ಬರುತ್ತಿದೆ. ತೊಳೆದ ಮೇಲೆ ಕೆಂಪು ಪೇಲವವಾಗಿ ಗುಲಾಬಿಯಂತೆ ಉಳಿಯುತ್ತದೆ. ಬಟ್ಟೆ 60% ಹತ್ತಿ, 40% ಪಾಲಿಯೆಸ್ಟರ್. ಎಲ್ಲಿ ತಪ್ಪುತ್ತಿದೆ? ಎದೆಯ ಮೇಲೆ ಚಿತ್ರವನ್ನೂ ಅಚ್ಚು ಹಾಕಬೇಕು.

ನೀಲಿತೊಟ್ಟಿ:
ಪೇಲವವಾಗುವುದಕ್ಕೆ ಮೊದಲ ಕಾರಣ ಬಟ್ಟೆಯೇ. ಟೈ-ಡೈಗೆ ಬಳಸುವ ರಿಯಾಕ್ಟಿವ್ ಬಣ್ಣ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವಂಥದ್ದು) ಇದರಲ್ಲಿ ಹತ್ತಿಯ ನೂಲಿಗೆ ಮಾತ್ರ ಕಚ್ಚುತ್ತದೆ, ಪಾಲಿಯೆಸ್ಟರ್ ನೂಲು ಬಿಳಿಯಾಗಿಯೇ ಉಳಿಯುತ್ತದೆ. 100% ಹತ್ತಿಯದನ್ನೇ ತಗೊಳ್ಳಿ. ಹೊಲಿಗೆ ದಾರ ಪಾಲಿಯೆಸ್ಟರ್ ಆಗಿದ್ದರೆ ಅಂಚು ಬೆಳ್ಳಗೆ ಕಾಣುತ್ತದೆ, ಅದಕ್ಕೆ ಗಾಬರಿ ಬೇಡ.

ಹೊಸ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಗಂಜಿ ತೆಗೆಯಿರಿ, ಸಾಫ್ಟ್‌ನರ್ ಹಾಕಬೇಡಿ. ಲೀಟರಿಗೆ 60 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್ ಪುಡಿ, ಬಣ್ಣ ನೂಲಿಗೆ ಕಚ್ಚಲು ಬೇಕಾದ ಕ್ಷಾರ) ಕರಗಿಸಿ 20 ನಿಮಿಷ ನೆನೆಸಿ ಹಿಂಡಿ. ಅಡುಗೆ ಸೋಡಾ ಇದಕ್ಕೆ ಆಗದು. ಹರಳು ರೂಪದ ವಾಷಿಂಗ್ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ, ಹಾಗಾಗಿ ಅದು ಸುಮಾರು 2.7 ಪಟ್ಟು ಬೇಕು. ಬಣ್ಣ 250 ಮಿಲಿ ನೀರಿಗೆ 8 ಗ್ರಾಂ, ಕೆಂಪಿಗೆ 10. ಬಣ್ಣದ ಬಾಟಲಿಗೆ ಸೋಡಾ ಬೆರೆಸಿಟ್ಟರೆ ಬಣ್ಣ ನೀರಿನ ಜೊತೆಗೇ ವರ್ತಿಸಿ ಸತ್ತುಹೋಗುತ್ತದೆ, ಆಮೇಲೆ ನೂಲಿಗೆ ಕಚ್ಚುವುದಿಲ್ಲ. ಪುಡಿ ಕಲಸುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಲೇಬೇಕು.

ಇನ್ನು ಕಂದು ಬಣ್ಣದ ವಿಷಯ. ಹಸಿರಿನಲ್ಲಿ ಹಳದಿ, ನೀಲಿ ಎರಡೂ ಇವೆ, ಕೆಂಪು ತಾಗಿದರೆ ಮೂರೂ ಸೇರಿ ಕಂದಾಗಲೇಬೇಕು. ಸುರುಳಿಯನ್ನು ಮೂರಲ್ಲ, ನಾಲ್ಕು ಭಾಗ ಮಾಡಿ: ಹಳದಿ, ಹಸಿರು, ಹಳದಿ, ಕೆಂಪು. ಆಗ ಕೂಡುವ ಕಡೆ ಎಳೆ ಹಸಿರು, ಕಿತ್ತಳೆಯೇ ಬರುತ್ತವೆ. ನಡುಬಿಂದುವಿಗೆ ಹಳದಿ ಮಾತ್ರ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೆಚ್ಚಗೆ 24 ಗಂಟೆ ಇಡಿ. ಒಣಗಿದರೆ ವರ್ತನೆ ನಿಂತುಬಿಡುತ್ತದೆ. ತೊಳೆಯುವಾಗ ಕಟ್ಟು ಬಿಚ್ಚದೆ ಮೊದಲು ತಣ್ಣೀರು. ನೀರು ತಿಳಿಯಾದ ಮೇಲೆ ಬಿಚ್ಚಿ ಬಿಸಿನೀರು.

ಜಾಲರಿಚೌಕಟ್ಟು:
ಅಚ್ಚು ಹಾಕುವುದು ಪೂರ್ತಿ ತೊಳೆದು ಒಣಗಿಸಿದ ಮೇಲೆ. ಟೈ-ಡೈ ಮೇಲೆ ಹೆಚ್ಚಿನ ಬಣ್ಣಗಳು ನೇರವಾಗಿ ಎದ್ದು ಕಾಣವು. ಮೊದಲು ಬಿಳಿ ಪದರ ಹಾಕಿ, ಕೈಗೆ ಅಂಟದಷ್ಟು ಒಣಗಿಸಿ, ಮೇಲೆ ಉಳಿದ ಬಣ್ಣ. ಪ್ಲಾಸ್ಟಿಸಾಲ್ ಇಂಕ್ (ಕಾಯಿಸಿದರೆ ಮಾತ್ರ ಗಟ್ಟಿಯಾಗುವ ಪ್ಲಾಸ್ಟಿಕ್ ಇಂಕ್) ಆದರೆ ಪದರ ತಳದವರೆಗೂ ಸುಮಾರು 160 ಡಿಗ್ರಿ ತಲುಪಬೇಕು. ಮೇಲ್ಮೈ ಮಾತ್ರ ಕಾದರೆ ನಾಲ್ಕು ಒಗೆತಕ್ಕೆ ಬಿರುಕು ಬಿಡುತ್ತದೆ.

ಆ ಶರ್ಟಿನ ಎದೆಯ ಮೇಲಿದ್ದ, ಚೆಂಡನ್ನು ಬುಟ್ಟಿಗೆ ಡಂಕ್ ಮಾಡುವ (ಜಿಗಿದು ಮೇಲಿಂದ ತುರುಕುವ) ಅಸ್ಥಿಪಂಜರದ ಚಿತ್ರ ಗ್ರೆಗ್ ಸ್ಪೀರ್ಸ್ ಅವರ ಕೃತಿ. ಮಾರುವ ಯೋಚನೆ ಇದ್ದರೆ ಅವರ ಚಿತ್ರ ಬೇಡ, ನಿಮ್ಮದೇ ಬರೆಯಿರಿ. ಸೋವಿಯತ್ ಒಕ್ಕೂಟದಿಂದ ಆಗಷ್ಟೇ ಬಿಡುಗಡೆಯಾದ ದೇಶದ ತಂಡಕ್ಕೆ ಹಣವಿಲ್ಲದಾಗ ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ಬ್ಯಾಂಡ್ ನೆರವಾದದ್ದರಿಂದ ಆ ಶರ್ಟ್‌ಗೆ ಅಷ್ಟು ಬೆಲೆ. ಕಂಚಿನ ಪಂದ್ಯದಲ್ಲಿ ಸೋಲಿಸಿದ್ದು ಹಳೆಯ ಸೋವಿಯತ್ ಗಣರಾಜ್ಯಗಳ ಸಂಯುಕ್ತ ತಂಡವನ್ನೇ, 82–78. ಆ ಅಂಕವನ್ನು ಬೆನ್ನಿಗೆ ಹಾಕಿದರೂ ಬಲ್ಲವರಿಗೆ ಸಾಕು.

ಹತ್ತನೇನಂಬರ್:
ಹಳೆಯ ಶರ್ಟನ್ನು ಮಾದರಿಗೆ ಕೊಳ್ಳುವುದಾದರೆ ಅಚ್ಚಿನಲ್ಲಿರುವ 1992 ಎಂಬ ಇಸವಿಯನ್ನೇ ನಂಬಬೇಡಿ, ಮರುಮುದ್ರಣದಲ್ಲೂ ಅದೇ ಸಾಲು ಉಳಿಯಬಹುದು. ಕೊರಳಪಟ್ಟಿಯ ಲೇಬಲ್, ತೋಳಂಚಿನ ಹೊಲಿಗೆ, ಇಂಕಿನ ಸವೆತ ಒಂದೇ ವಯಸ್ಸಿನಂತೆ ಕಾಣಬೇಕು.

ಬ್ಯಾಂಡ್, ಬ್ಯಾಸ್ಕೆಟ್‌ಬಾಲ್ ಎರಡೂ ಕೂಡಿದ ಇನ್ನೊಂದು ಶರ್ಟ್ ಮಾಡುವ ಮನಸ್ಸಿದ್ದರೆ ಸುಲಭದ್ದು ಅಮೆರಿಕದ ರಾಕ್ ಬ್ಯಾಂಡ್ ಪರ್ಲ್ ಜ್ಯಾಮ್‌ನದು. ಆ ಬ್ಯಾಂಡಿನ ಮೊದಲ ಹೆಸರು ಮೂಕಿ ಬ್ಲೇಲಾಕ್ ಎಂಬ ಎನ್‌ಬಿಎ ಆಟಗಾರನದೇ. 1991ರ ಮೊದಲ ಆಲ್ಬಮ್ಮಿನ ಹೆಸರು 'ಟೆನ್' (ಹತ್ತು), ಅವನ ಜೆರ್ಸಿಯ ಅಂಕಿ. ಒಂದೇ ಬಣ್ಣದ ಹತ್ತಿ ಬಟ್ಟೆ, ಬೆನ್ನಿಗೆ 20 ಸೆಂ.ಮೀ. ಎತ್ತರದ 10. ಸೊನ್ನೆಯ ಒಳಗಿನ ಖಾಲಿ ಜಾಗ ಕಿರಿದಾದರೆ ಇಂಕ್ ಹರಡಿ ಮುಚ್ಚಿಹೋಗುತ್ತದೆ, ಅಲ್ಲಿ 3 ಸೆಂ.ಮೀ. ಆದರೂ ಬಿಡಿ.