ಪ್ರಾರ್ಥನಾ ಕೂಟ ಸೊರಗುತ್ತಿದೆ, ಎಲ್ಲಿಂದ ಆರಂಭಿಸೋಣ?

ಸಂಡೇ ಸ್ಕೂಲ್ ಶಿಕ್ಷಕಿ, ದುಬೈ:
ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. 2022ರಲ್ಲಿ ಇಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದಾಗಿನಿಂದ ನಮ್ಮ ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಬರುವವರು ಕಡಿಮೆಯಾಗಿದ್ದಾರೆ. ಬಂದವರ ಹೊತ್ತೂ ಕ್ರಿಸ್ಮಸ್ ಕಾರ್ಯಕ್ರಮ, ಊಟ, ಹಾಲ್ ಬಾಡಿಗೆಯ ಮಾತಿನಲ್ಲೇ ಕಳೆಯುತ್ತದೆ. ಮಕ್ಕಳು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಸ್ವಂತ ಮಾತಿನಲ್ಲಿ ಪ್ರಾರ್ಥಿಸೆಂದರೆ ತಲೆ ತಗ್ಗಿಸುತ್ತಾರೆ. ಕ್ರಿಸ್ತನಲ್ಲಿ ನೆಲೆಗೊಂಡ ಸಭೆಯಾಗಿ ಬೆಳೆಯಲು ಏನು ಮಾಡಬೇಕು?

ಸಭಾ ಹಿರಿಯರು, ಟೊರೊಂಟೊ:
ತಂಗಿ, ಯೋಹಾನನ ಸುವಾರ್ತೆಯ 15ನೇ ಅಧ್ಯಾಯದ 7ನೇ ವಚನವನ್ನು ಗಮನಿಸಿ. ಕ್ರಿಸ್ತನಲ್ಲಿ ನೆಲೆಗೊಂಡು, ಆತನ ವಾಕ್ಯಗಳು ನಮ್ಮಲ್ಲಿ ನೆಲೆಗೊಂಡ ಮೇಲೆಯೇ ಬೇಡಿಕೆಯ ಮಾತು ಬರುತ್ತದೆ. ಆದ್ದರಿಂದ ಕೂಟವನ್ನು ವಿಜ್ಞಾಪನೆಗಳ ಪಟ್ಟಿಯಿಂದ ಆರಂಭಿಸದೆ, ಆ ಅಧ್ಯಾಯದ ಮೊದಲ 11 ವಚನಗಳನ್ನು ಒಂದು ತಿಂಗಳು ಪ್ರತಿ ವಾರ ನಿಧಾನವಾಗಿ ಓದಿ, ಸ್ವಲ್ಪ ಹೊತ್ತು ಮೌನವಾಗಿದ್ದು, ಓದಿದ ವಚನವನ್ನೇ ಹಿಡಿದು ಪ್ರಾರ್ಥಿಸಿ. ಹಾಲ್ ಬಾಡಿಗೆಯ ಮಾತು ಬೇರೆ ದಿನಕ್ಕಿರಲಿ.

ಬಹ್ರೇನ್ ಸದಸ್ಯೆ:
ಉಡುಪಿಯ ನಮ್ಮ ಮನೆಯಲ್ಲಿ ಅಜ್ಜಿ ರಾತ್ರಿಯ ಊಟಕ್ಕೆ ಮೊದಲು ಕೀರ್ತನೆ ಹಾಡಿಸಿ, ಕೊಡೆಯಾಲದಲ್ಲಿ (ಮಂಗಳೂರಿನಲ್ಲಿ) ಕೆಲಸಕ್ಕಿದ್ದ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಿದ್ದರು. ನನ್ನ ಮಗನಿಗೆ ಆ ಕುಟುಂಬ ಪ್ರಾರ್ಥನೆ ದೊರೆಯಲಿಲ್ಲವೆಂಬ ನೋವು ಇಂದಿಗೂ ಇದೆ.

ಲಂಡನ್ ಸದಸ್ಯರು:
ಮೂಲ ಕಾರಣ ಕನ್ನಡವನ್ನು ಕೈಬಿಟ್ಟದ್ದು! 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬೇಸಲ್ ಮಿಷನ್‌ನವರು ಕನ್ನಡ ಕಲಿತರು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನೇ ಹೊರಡಿಸಿದರು. ಪರದೇಶದವರು ನಮಗಾಗಿ ಅಷ್ಟು ಶ್ರಮಿಸಿರುವಾಗ, ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಪ್ರಾರ್ಥಿಸುವುದನ್ನು ನಾನು ಒಪ್ಪಲಾರೆ. ಮೊದಲು ಭಾಷೆ ಉಳಿಸಿ, ಪ್ರಾರ್ಥನೆ ತಾನಾಗಿ ಬೆಳೆಯುತ್ತದೆ.

ಮೆಲ್ಬರ್ನ್ ಸದಸ್ಯೆ:
ಅಣ್ಣ, ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದಲ್ಲಿ ಜನರು ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಭಾಷೆಗಳಲ್ಲೇ ಕೇಳಿದರಲ್ಲವೇ? ಮಗು ತನಗೆ ಬರುವ ಮಾತಿನಲ್ಲಿ ತಂದೆಯನ್ನು ಕರೆಯಲಿ.

ಕುವೈತ್ ಸದಸ್ಯರು:
ಲಂಡನ್ ಅಣ್ಣನ ಮಾತೇ ಸರಿ. ನಮ್ಮಲ್ಲಿ ಆರಾಧನೆ ಇಂದಿಗೂ ಶುದ್ಧ ಕನ್ನಡದಲ್ಲಿ ನಡೆಯುತ್ತದೆ, ಅದು ನಮ್ಮ ಹೆಮ್ಮೆ.

ಲಂಡನ್ ಸದಸ್ಯರು:
ಇಂತಹ ಸಭೆಗಳೇ ನಮಗೆ ಮಾದರಿಯಾಗಬೇಕು.

ಸಂಡೇ ಸ್ಕೂಲ್ ಶಿಕ್ಷಕಿ, ದುಬೈ:
ಭಾಷೆಯ ಚರ್ಚೆ ನಡೆಯಲಿ, ಆದರೆ ಟೊರೊಂಟೊ ಅಣ್ಣನವರಲ್ಲಿ ಒಂದು ಪ್ರಶ್ನೆ. ವಚನ ಓದಿದ ಮೇಲೆ ಮೊದಲು ಯಾರು ಪ್ರಾರ್ಥಿಸಬೇಕು?

ಸಭಾ ಹಿರಿಯರು, ಟೊರೊಂಟೊ:
ಹಿರಿಯರೇ ಆರಂಭಿಸಲಿ, ಆದರೆ ಎರಡು ವಾಕ್ಯಗಳಿಗಿಂತ ಹೆಚ್ಚು ಬೇಡ. ಹಿರಿಯರ ದೀರ್ಘ ಪ್ರಾರ್ಥನೆ ಕೇಳಿದ ಮಗು, ಅಷ್ಟು ತನ್ನಿಂದಾಗದೆಂದು ಬಾಯಿ ತೆರೆಯುವುದೇ ಇಲ್ಲ.