ಕ್ಯಾನನ್ 200ಡಿಗೆ ಅಗ್ಗದ ವೈಡ್ ಆಂಗಲ್ ಲೆನ್ಸ್ ಯಾವುದು?

ಪ್ರಶ್ನೆ: ನನ್ನ ಬಳಿ ಇರುವುದು ಕ್ಯಾಮೆರಾದ ಜೊತೆ ಬಂದ 18-55 ಮಿ.ಮೀ. ಲೆನ್ಸ್ ಮಾತ್ರ. ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತರೆ ಅಚ್ಯುತರಾಯ ದೇವಾಲಯ, ಬಂಡೆಗಳು, ಆಕಾಶ ಒಂದೇ ಚೌಕಟ್ಟಿಗೆ ಸೇರುವುದಿಲ್ಲ. ಟೋಕಿನಾ ಕಂಪನಿಯ 11-16 ಲೆನ್ಸ್ ಕೊಳ್ಳಲೇ? ಸಾಲ ಮಾಡಲಾರೆ.

ಉತ್ತರ: ಬೇಡ. ಟೋಕಿನಾದ ಎಫ್ 2.8, ಅಂದರೆ ಹೆಚ್ಚು ಬೆಳಕು ಬಿಡುವ ಅಗಲ ರಂಧ್ರ, ನಕ್ಷತ್ರ ತೆಗೆಯುವವರಿಗೆ ಬೇಕು. ಟ್ರೈಪಾಡ್ ಹಾಕಿ ಕಿರಿದಾದ ಎಫ್ 8ರಲ್ಲಿ ಬೆಟ್ಟ ತೆಗೆಯುವವರು ಆ ಹಣವನ್ನೇಕೆ ಸುರಿಯಬೇಕು? ಕ್ಯಾನನ್‌ನದೇ 10-18 ಎಸ್‌ಟಿಎಂ ನೋಡಿ. 2014ರ ಲೆನ್ಸ್, ತೂಕ 240 ಗ್ರಾಂ, ಫಿಲ್ಟರ್ ಅಳತೆ 67 ಮಿ.ಮೀ. ಮಿ.ಮೀ. ಕಡಿಮೆಯಾದಷ್ಟು ನೋಟ ಅಗಲ; ನಿಮ್ಮ ಚಿಕ್ಕ ಸೆನ್ಸರ್‌ನಲ್ಲಿ ಅದರ 10 ಮಿ.ಮೀ. ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದ 16ಕ್ಕೆ ಸಮ. ಕ್ಯಾಮೆರಾಗೆ ಕೂರುವ ಭಾಗ (ಮೌಂಟ್) ಪ್ಲಾಸ್ಟಿಕ್, ನಿಜ. ಅದರಿಂದ ಚಿತ್ರ ಕೆಡುವುದಿಲ್ಲ.

ಇನ್ನೊಂದು ಉತ್ತರ: ಹಳೆಯದನ್ನು ಕೊಳ್ಳುವುದಾದರೆ ಟಾರ್ಚ್ ಹಿಡಿದು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡಿನ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ. ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು: ಹಾಗಾದರೆ 10-18. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಕೂಡ ಬೇಕೇ?

ಮೊದಲ ಉತ್ತರದವರು: ನೀರು, ಒದ್ದೆ ಬಂಡೆಗಳಿಗೆ ಒಳ್ಳೆಯದು. ಇಷ್ಟು ಅಗಲದಲ್ಲಿ ನೀಲಿ ಆಕಾಶದ ಒಂದು ಭಾಗ ಮಾತ್ರ ಗಾಢವಾಗುತ್ತದೆ, ಅಲ್ಲಿ ಕಳಚಿಡಿ. ಮುಂದೆ ಫುಲ್ ಫ್ರೇಮ್ ಕ್ಯಾನನ್ ಡಿಎಸ್‌ಎಲ್‌ಆರ್ ಕೊಂಡರೆ ಈ ಲೆನ್ಸ್ ಅದಕ್ಕೆ ಕೂರುವುದಿಲ್ಲ.